ಬೇಡಿ ಪಡೆದವನ ಹೆಸರು

"ಈ ಕೂಸಿನ ಹೆಸರು ಸೌಲ್" ಎಂದು ಧರ್ಮಗುರು ರಬ್ಬಿ ಸಾರಿದ್ದೇ ತಡ, ಅಜ್ಜಿ ಫ್ರೀದಾ ತುಟಿಯವರೆಗೆ ತಂದಿದ್ದ ದ್ರಾಕ್ಷಾರಸದ ಲೋಟವನ್ನು ಕೆಳಗಿಟ್ಟಳು. ನಮ್ಮ ಯಹೂದಿ ಪಂಗಡದಲ್ಲಿ ಬದುಕಿರುವವರ ಹೆಸರನ್ನು ಕೂಸಿಗೆ ಇಡುವುದಿಲ್ಲ; ತೀರಿಹೋದವರದ್ದನ್ನೇ ಇಡುವುದು. ಸೌಲ್ ಅವಳ ಹಿರಿಮಗ. ಎರಡು ವರ್ಷದ ಹಿಂದೆ ಸೈನಿಕ ಸರ್ಕಾರದ ಸಿಪಾಯಿಗಳು ಬ್ಯೂನಸ್ ಐರಿಸ್‌ನ ಇದೇ ಮನೆಯಿಂದ ಎಳೆದೊಯ್ದ ಮೇಲೆ ಅವನ ಸುದ್ದಿಯೂ ಬಂದಿಲ್ಲ, ಹೆಣವೂ ಬಂದಿಲ್ಲ.

"ಯಾರನ್ನ ಕೇಳಿ ಇಟ್ಯೋ?"

ಕೂಸಿನ ಅಪ್ಪ, ಅವಳ ಕಿರಿಮಗ ನಹೂಮ್ ತಲೆ ಎತ್ತಲಿಲ್ಲ. "ಎಷ್ಟು ದಿನ ಅಂತ ಕಾಯ್ತೀಯಮ್ಮಾ? ಅಣ್ಣನ ಹೆಸರಾದ್ರೂ ಉಳೀಲಿ ಅಂತ..."

"ಸೌಲ್ ಅಂದ್ರೆ ಬೇಡಿ ಪಡೆದವನು. ಒಂಬತ್ತು ವರ್ಷ ದೇವರನ್ನ ಬೇಡಿ ಹೆತ್ತೆ. ಈಗ ದಿನಾ ಠಾಣೆ ಬಾಗಿಲಲ್ಲಿ ನಿಂತು ಬೇಡ್ತಿದ್ದೀನಿ. ಅವನು ಸತ್ತ ಅಂತ ಆ ಸಿಪಾಯಿಗಳೂ ಇವತ್ತಿನವರೆಗೆ ಬಾಯಿಬಿಟ್ಟು ಹೇಳಿಲ್ಲ ಕಣೋ. ನೀನು ಹೇಳಿಬಿಟ್ಟೆ."