ಮಂಗಳದ ಹೊತ್ತಿಗೆ ವೈಫೈ

ಭಾಗೀರಥಮ್ಮನವರು ವರ್ಷವಿಡೀ ಲ್ಯಾಪ್‌ಟಾಪಿನ ನೇರಪ್ರಸಾರದಲ್ಲಿ ಕೇಳುತ್ತಿದ್ದ ಗಮಕ ವಾಚನಕ್ಕೆ ವಿಜಯದಶಮಿಯ ಸಂಜೆ ಮಂಗಳ. ಅಂದೇ ಬೆಳಿಗ್ಗೆ ನೋಡಿದರೆ ವೈಫೈ ಸತ್ತಿತ್ತು.

"ಕೊನೇ ಪದ್ಯ ತಪ್ಪಿದ್ರೆ ಕೇಳಿದ್ದೆಲ್ಲ ನೀರುಪಾಲು ಕಣಪ್ಪ."

ರಿಪೇರಿಗೆ ಬಂದ ಫಯಾಜ್ ಲ್ಯಾಪ್‌ಟಾಪಿನ ಲಿನಕ್ಸ್‌ಗೆ ವೈಫೈ ಡ್ರೈವರ್ ಮೇಲೆ ಡ್ರೈವರ್ ಹಾಕಿ ಸೋತಿದ್ದ. ಸಂಜೆಯಾಗುತ್ತಾ ಬಂತು.

"ವೈಫೈ ಕಾರ್ಡು ಸರಿಯಾಗೇ ಇದೆಯಮ್ಮ. ಅದರ ಸ್ವಿಚ್ಚೇ ಆಫ್ ಆಗಿದೆ ಅಂತ ತೋರಿಸ್ತಿದೆ. ನೀವೇನಾದ್ರೂ ಮುಟ್ಟಿದ್ರಾ?"

"ಅಯ್ಯೋ, ನಾನ್ಯಾಕೆ ಮುಟ್ಲಿ? ನಿನ್ನೆ ಆಯುಧಪೂಜೇಲಿ ಗಂಧ ಎಳೆದಿದ್ದು ಬಿಟ್ರೆ ಕೈಯೇ ಇಟ್ಟಿಲ್ಲ."

ಫಯಾಜ್ ಲ್ಯಾಪ್‌ಟಾಪನ್ನು ಓರೆಮಾಡಿ ನೋಡಿದ. ಅಂಚಿನಲ್ಲಿದ್ದ ಪುಟ್ಟ ಸ್ವಿಚ್ಚು ಹಿಂದಕ್ಕೆ ಜಾರಿ, ಅದರ ಮೇಲೆ ಗಂಧ ಕಲ್ಲಿನಂತೆ ಒಣಗಿತ್ತು. ಪಿನ್ನಿನಿಂದ ಕೆರೆದು ಮುಂದಕ್ಕೆ ಸರಿಸಿದ. ಪರದೆಯ ಮೇಲೆ ಗಮಕಿಗಳು ಕಾಣಿಸಿಕೊಂಡರು. ಕೊನೆಯ ಪದ್ಯಕ್ಕೆ ಆಗಷ್ಟೇ ಶ್ರುತಿ ಹಿಡಿಯುತ್ತಿದ್ದರು.

"ನಿನ್ನ ಕೈಗುಣ ದೊಡ್ಡದಪ್ಪಾ! ಒಂದ್ನಿಮಿಷ ತಡಿ, ಬಂದೆ."

ಕಾಫಿ ಬರುತ್ತದೆಂದು ಫಯಾಜ್ ಪಿನ್ನನ್ನು ಜೇಬಿಗೆ ಹಾಕಿಕೊಂಡ. ಭಾಗೀರಥಮ್ಮ ಗಂಧದ ಬಟ್ಟಲು ಹಿಡಿದು ಓಡಿಬಂದರು.

"ಪಾಪ, ಇದಕ್ಕೆ ಯಾರ ದೃಷ್ಟಿ ತಾಗಿತ್ತೋ!"

"ಅಮ್ಮಾ, ಬೇಡ..." ಎನ್ನುವಷ್ಟರಲ್ಲಿ ಅವರು ಆ ಸ್ವಿಚ್ಚಿನ ಮೇಲೇ ಭಕ್ತಿಯಿಂದ ಗಂಧ ಎಳೆದರು, ಕೊನೆಯ ಪದ್ಯಕ್ಕೆಂದು ತೆರೆದ ಗಮಕಿಗಳ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು.