ಹೊಸ ವಲಯ

ಅಂತರ್‌ಕಾಲೇಜು ಫುಟ್‌ಬಾಲ್‌ನ ಹಳೆಯ ವಲಯದಲ್ಲಿ ಆ ಸಣ್ಣ ಕಾಲೇಜಿಗೆ ಪ್ರತಿ ವರ್ಷವೂ ಮೊದಲ ಪಂದ್ಯ ನಗರದ ದೊಡ್ಡ ಕಾಲೇಜಿನ ಜೊತೆಗೇ ಬೀಳುತ್ತಿತ್ತು. ಹೋದ ವರ್ಷ ಹನ್ನೊಂದು ಗೋಲು ತಿಂದದ್ದಲ್ಲದೆ, ಗೋಲ್‌ಕೀಪರ್ ಭುಜದ ಮೂಳೆ ಮುರಿದುಕೊಂಡ. ಆಮೇಲೆ ತರಬೇತುದಾರ ದೇಸೂರಕರ್ ಸುಮ್ಮನೆ ಕೂರಲಿಲ್ಲ. ವಿಶ್ವವಿದ್ಯಾಲಯಕ್ಕೆ ಅಲೆದು ಅಲೆದು ತಮ್ಮ ಸಣ್ಣ ಕಾಲೇಜನ್ನು ಪಕ್ಕದ ವಲಯಕ್ಕೆ ಸೇರಿಸಿದರು.

ಹುಡುಗರು ಬೇಸಿಗೆಯಿಡೀ ಬೆವರು ಹರಿಸಿದರು. ನಾಯಕ ಇರ್ಫಾನನಿಗೆ ಇದು ಕೊನೆಯ ವರ್ಷ. ವಲಯದ ಪಂದ್ಯಗಳನ್ನು ಆಡಿ ಗೆದ್ದರಷ್ಟೇ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಹೋಗಬಹುದಿತ್ತು.

ಪಂದ್ಯದ ದಿನ ಯಾವುದೆಂದು ಕೇಳಲು ದೇಸೂರಕರ್ ಕ್ರೀಡಾ ವಿಭಾಗಕ್ಕೆ ಹೋದರು.

“ಈ ವರ್ಷ ಫುಟ್‌ಬಾಲ್ ಇಲ್ರಿ ಸರ,” ಎಂದರು ಅಲ್ಲಿನ ಅಧಿಕಾರಿ.

“ಹಂಗಂದ್ರ ಹೆಂಗ್ರಿ? ಹುಡುಗೂರು ತಯಾರಾಗಿ ಕುಂತಾರ.”

“ಆಡ್ಸಾಕ ಆಗೂದಿಲ್ರಿ.”

ದೇಸೂರಕರ್ ಮುಂದೆ ಬಾಗಿದರು. “ಹಂಗಾರ ನಮ್ಮನ್ನ ಹಳೇ ವಲಯಕ್ಕ ಕಳಸ್ರಿ. ಸೋತ್ರೂ ಅಡ್ಡಿಯಿಲ್ಲ.”

“ಒಮ್ಮೆ ಬದಲಾದ್ರ ಮೂರು ವರ್ಷ ತಿರುಗಿ ಹೋಗೋ ಹಂಗಿಲ್ರಿ.”

“ಇಲ್ಲಿ ಯಾಕ ಆಡ್ಸೂದಿಲ್ಲ, ಅದನ್ನಾರ ಹೇಳ್ರಿ.”

ಅಧಿಕಾರಿ ದನಿ ತಗ್ಗಿಸಿದರು. “ಯಾರ ಜೋಡಿ ಆಡಸ್ಲಿ ಸರ? ಈ ವಲಯದಾಗ ಫುಟ್‌ಬಾಲ್ ತಂಡ ಇರೋ ಕಾಲೇಜು ನಿಮ್ಮದೊಂದ ಐತಿ.”