ಹಿಂದಿನ ಬೆಂಚಿನ ಗೊರಕೆ

ರಾಗಿ ಕೊಯ್ಲಿನ ಕಾಲ. ಕೃಷಿ ವಿಶ್ವವಿದ್ಯಾಲಯದ ಹುಡುಗರು ಬೆಳಗ್ಗೆಯೆಲ್ಲ ಹೊಲದಲ್ಲಿ ಕುಡುಗೋಲು ಹಿಡಿದು, ಮಧ್ಯಾಹ್ನ ಮುದ್ದೆ ಉಂಡು ತರಗತಿಯಲ್ಲಿ ಕೂತಿದ್ದರು. ಎಂ.ಎಸ್ಸಿ. ಓದುತ್ತಿದ್ದ ಚಂಪಾಳಿಗೆ ಬೋಧನಾ ಸಹಾಯಕಿಯ ಕೆಲಸ ಸಿಗುವುದೋ ಇಲ್ಲವೋ, ಇವತ್ತಿನ ಪಾಠದಲ್ಲೇ ತೀರ್ಮಾನ.

“ಪಾಠ ಹೆಂಗಾದ್ರೂ ಇರ್ಲಮ್ಮ,” ಎಂದಿದ್ದರು ಪ್ರೊಫೆಸರು. “ಕ್ಲಾಸಲ್ಲಿ ಒಬ್ಬ ತೂಕಡಿಸಿದ್ರೂ ಈ ಕೆಲಸ ನಿಂಗಿಲ್ಲ. ನಾನು ಹಿಂದೆ ಕೂತು ನೋಡ್ತಿರ್ತೀನಿ.”

ಪಾಠ ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಗೊರಕೆ ಕೇಳಿಸಿತು. ನಿದ್ದೆ ಹೋಗಿದ್ದವರು ಪ್ರೊಫೆಸರೇ. ಎಚ್ಚರವಾಗೇ ಇದ್ದ ಹುಡುಗರೆಲ್ಲ ಚಂಪಾಳ ಮುಖ ನೋಡಿದರು.

ಚಂಪಾ ಸೀಮೆಸುಣ್ಣದ ತುಂಡು ಬೀಸಿ ಎಸೆದಳು. ಅದು ಬೋಳುತಲೆಗೆ ಟಪ್ಪನೆ ಬಿತ್ತು.

“ಎದ್ದು ಮುಖ ತೊಳ್ಕೊಂಡು ಬನ್ನಿ!”

ಅವರು ಕಣ್ಣುಜ್ಜುತ್ತ ಎದ್ದು ಹೋದರು. ಸ್ವಲ್ಪ ಹೊತ್ತಿಗೆ, ನೀರು ತೊಟ್ಟಿಕ್ಕುವ ಮುಖದಲ್ಲಿ ಬಾಗಿಲ ಬಳಿ ನಿಂತರು.

“ಒಳಗೆ ಬರ್ಲಾ, ಮೇಡಂ? ನಾಳೆಯಿಂದ ಕ್ಲಾಸು ನಿಮ್ದೇ. ಇವತ್ತಿನ ಹಾಜರಿ ಒಂದು ಕೊಟ್ಬಿಡಿ.”